ಹಿಮಯುಗದ ಮಣಿ ಮಾಡಲು ಮೂಳೆಯೇ ವಾಸಿ: ತಾಗುವಾ, ಬಳಪದ ಕಲ್ಲು ಎರಡನ್ನೂ ನೋಡಿದ್ದಾಯ್ತು

ನನಗೆ ಮೂಳೆಯೇ ಇಷ್ಟ, ಮೊದಲೇ ಹೇಳಿಬಿಡುತ್ತೇನೆ. ತಾಗುವಾ ಎಂಬ ಬೀಜಕ್ಕೆ 900 ರೂಪಾಯಿ ಸುರಿದ ಮೇಲೆ ಬಂದ ಬುದ್ಧಿ ಇದು.

ಫ್ರಾನ್ಸಿನ ಕಾಸ್ತಾನೆ ಬಂಡೆಯಾಸರೆಯಲ್ಲಿ 35,000 ವರ್ಷಕ್ಕೂ ಹಳೆಯ ಮಣಿಗಳು ಸಿಕ್ಕಿವೆ. ಮ್ಯಾಮತ್ ಎಂಬ, ಈಗಿಲ್ಲದ ಹಿಮಯುಗದ ಆನೆಯ ದಂತದವು. ಪುಟ್ಟ ಬುಟ್ಟಿಯ ಆಕಾರ, ಮೇಲೆ ಹಿಡಿಕೆಯಂಥ ಕುಣಿಕೆ. ಅಂಥದ್ದೊಂದನ್ನು ಕೈಯಾರೆ ಮಾಡುವ ಆಸೆ ನನಗೆ. ನಮ್ಮಲ್ಲಿ ಆನೆದಂತದ ವ್ಯಾಪಾರಕ್ಕೆ ನಿಷೇಧವಿದೆ, ಇರಲೇಬೇಕು. ಅದಕ್ಕೇ ಬದಲಿ ಹುಡುಕಿದೆ.

ತಾಗುವಾ ಅಂದರೆ ದಕ್ಷಿಣ ಅಮೆರಿಕದ ಒಂದು ತಾಳೆ ಜಾತಿಯ ಬೀಜ. ಬಣ್ಣ, ಹೊಳಪು ಥೇಟ್ ದಂತವೇ. ಆದರೆ ನಡುವೆ ಟೊಳ್ಳು, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಆರರಲ್ಲಿ ನಾಲ್ಕು ಬೀಜ ಹಾಗೇ ಹಾಳಾದವು.

ಬಳಪದ ಕಲ್ಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಮಣಿ ಸಿದ್ಧ. ಕಾಸ್ತಾನೆಯವರೂ ಅಂಥ ಮೆದು ಕಲ್ಲಿನಲ್ಲಿ ಮಾಡಿದ್ದರು. ಆದರೆ ಕೈಜಾರಿ ಬಿದ್ದರೆ ಕುಣಿಕೆ ಮುರಿಯುತ್ತದೆ.

ಇನ್ನು ಮೂಳೆ. ಎಮ್ಮೆಯ ಕಾಲಿನ ಮೂಳೆ, 30 ರೂಪಾಯಿ. ಕುದಿಸಿ, ಸೋಪಿನ ನೀರಲ್ಲಿ ವಾರ ನೆನೆಸಬೇಕು. ವಾಸನೆ ಇದ್ದೇ ಇರುತ್ತದೆ.

ನನ್ನನ್ನು ನಿಜವಾಗಿ ಗೋಳು ಹೊಯ್ದುಕೊಂಡಿದ್ದು ತೂತು. ಮಣಿಯನ್ನು ಚೆಂದವಾಗಿ ಉಜ್ಜಿ, ಕೊನೆಗೆ ಸಣ್ಣ ಡ್ರಿಲ್ ಇಟ್ಟೆ. ಆಚೆ ಬದಿಗೆ ಬರುವಷ್ಟರಲ್ಲಿ ಪಟ್ ಅಂತ ಸೀಳಿತು. ಎರಡನೆಯದೂ ಅಷ್ಟೇ. ಮೂರನೆಯದಕ್ಕೆ ಅಳುವೇ ಬಂತು.

ಆಮೇಲೆ ರ‍್ಯಾಂಡಲ್ ವೈಟ್ ಎಂಬ ಪುರಾತತ್ವಜ್ಞರ ವಿವರಣೆ ಓದಿದೆ. ನನ್ನ ಕ್ರಮವೇ ತಲೆಕೆಳಗಾಗಿತ್ತು! ಕಾಸ್ತಾನೆಯವರು ಮೊದಲು ದಂತದಿಂದ ಪೆನ್ಸಿಲ್‌ನಂಥ ಕಡ್ಡಿ ಮಾಡುತ್ತಿದ್ದರು. ಸುತ್ತ ಗೀರು ಹಾಕಿ ತುಂಡು ಮುರಿಯುತ್ತಿದ್ದರು. ತುಂಡಿನ ಒಂದು ತುದಿಯನ್ನು ತೆಳ್ಳಗೆ ಮಾಡಿ, ಎರಡೂ ಕಡೆಯಿಂದ ಚೂಪುಗಲ್ಲಿನಿಂದ ಕೆತ್ತುತ್ತಾ ತೂತು ಕೂಡಿಸುತ್ತಿದ್ದರು. ಕೊರೆಯುತ್ತಿರಲಿಲ್ಲ. ಉಜ್ಜಿ ಆಕಾರ ಕೊಡುವುದು ಆಮೇಲೆ. ಉಜ್ಜುವ ಮೊದಲೇ ತೂತು ಮುಗಿದರೆ ಕುಣಿಕೆಗೆ ಪೆಟ್ಟು ಬೀಳುವುದಿಲ್ಲ, ಅಲ್ವಾ?

ಹಾಗೇ ಮಾಡಿದೆ. ಎರಡು ಬದಿಯ ಗುಳಿಗಳು ಸೇರಿ ಸಾಸಿವೆಯಷ್ಟು ಬೆಳಕು ಕಂಡಾಗ ಕೈ ನಡುಗಿತು. ಕೊನೆಗೆ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಪುಡಿ ಹಾಕಿ ಉಜ್ಜಿದೆ, ಅವರೂ ಅದನ್ನೇ ಬಳಸಿದ್ದು. ಒಟ್ಟು ಎರಡೂಮುಕ್ಕಾಲು ಗಂಟೆ. ವೈಟ್ ಅವರ ಅಂದಾಜು ಮಣಿಗೆ ಒಂದರಿಂದ ಮೂರು ಗಂಟೆ. ರಷ್ಯಾದ ಸುಂಗೀರ್‌ನ ಹಿಮಯುಗದ ಸಮಾಧಿಗಳಲ್ಲಿ ಸಿಕ್ಕ ದಂತದ ಮಣಿಗಳು 13,000ಕ್ಕೂ ಜಾಸ್ತಿ. ಅದರಲ್ಲಿ ಹೆಚ್ಚಿನವು ಇಬ್ಬರು ಮಕ್ಕಳ ಜೊತೆ ಇದ್ದವು. ಎಷ್ಟು ಪ್ರೀತಿಯ ಮಕ್ಕಳೋ.

ನಾನು ಕೂರುವುದು ಭಾನುವಾರ ಮಾತ್ರ, ತಪ್ಪುವುದೂ ಜಾಸ್ತಿ. 30 ರೂಪಾಯಿಯ ಮೂಳೆ ಹಾಳಾದರೆ ಹೊಟ್ಟೆ ಉರಿಯುವುದಿಲ್ಲ. ಮನೆಗೆ ಮೂಳೆ ತರುವ ಹಾಗಿಲ್ಲದವರು ಬಳಪದ ಕಲ್ಲು ತೆಗೆದುಕೊಳ್ಳಿ. ತಾಗುವಾ ಬೇಡ.