ಚಂದದ ಕಾರು ಮಾರಿ ಡಬ್ಬಿ ಕಾರು ತಂದೆ

ಮೊದಲೇ ಹೇಳಿಬಿಡುತ್ತೇನೆ, ನಾನೀಗ ಡಬ್ಬಿ ಕಾರಿನ ಪಾರ್ಟಿ, ಅಂದರೆ ಡಬ್ಬಿಯಂತೆ ಚೌಕಾಕಾರದ, ಚಾವಣಿ ನೆಟ್ಟಗಿರುವ ಎಲೆಕ್ಟ್ರಿಕ್ ಕಾರು. ಅದಕ್ಕೂ ಮುಂಚೆ ಹನ್ನೊಂದು ತಿಂಗಳು ಕೂಪೆ ಓಡಿಸಿದ್ದೇನೆ, ಅಂದರೆ ಚಾವಣಿ ಹಿಂದಕ್ಕೆ ಇಳಿಜಾರಾಗಿರುವ ಹೊಸ ನಮೂನೆಯ ಎಲೆಕ್ಟ್ರಿಕ್ ಎಸ್‌ಯುವಿ. ಆಸೆಪಟ್ಟು ಕೊಂಡವನೂ ನಾನೇ, ಕೈ ಸುಟ್ಟುಕೊಂಡು ಭಾವಮೈದನಿಗೆ ದಾಟಿಸಿದವನೂ ನಾನೇ. ಎರಡರ ಕಂಪನಿ ಹೆಸರೂ ಬೇಡ. ಬ್ಯಾಟರಿ ಹೆಚ್ಚುಕಡಿಮೆ ಒಂದೇ, ಬೆಲೆಯಲ್ಲಿ ಎರಡು ಲಕ್ಷದ ಅಂತರ. ಮಿಕ್ಕ ಅಂಕಿಸಂಖ್ಯೆ ಶೋರೂಮಿನವರೇ ಬಾಯಿಪಾಠ ಒಪ್ಪಿಸುತ್ತಾರೆ.

ನಮ್ಮದು ಚಿಕ್ಕಬಳ್ಳಾಪುರದ ಪಕ್ಕದ ಹಳ್ಳಿ. ನನಗೆ ಕೆಲಸ ಯಲಹಂಕದಲ್ಲಿ, ಹೋಗಿಬರಲು ಸುಮಾರು 90 ಕಿಲೋಮೀಟರ್. ಅಪ್ಪನದು ಮುಕ್ಕಾಲು ಎಕರೆ ಸೇವಂತಿಗೆ. ಕೊಯ್ಲಿನ ದಿನಗಳಲ್ಲಿ ಬೆಳಗಿನ ಜಾವ ಹೂವಿನ ಮೂಟೆ ಮಾರ್ಕೆಟ್ಟಿಗೆ ಇಳಿಸಿ, ಮನೆಗೆ ಬಂದು ಸ್ನಾನ ಮಾಡಿ ಆಫೀಸಿಗೆ ಹೊರಡಬೇಕು. ಕಾರಿನಲ್ಲಿ ಹೂವು ಸಾಗಿಸ್ತಾರಾ ಅಂತ ನಗಬೇಡಿ. ಎರಡು ಮೂಟೆಗೆ ಗಾಡಿ ಬಾಡಿಗೆ ಕೊಟ್ಟರೆ ಹೂವಿನ ದುಡ್ಡು ಗಾಡಿಯವನಿಗೇ.

ಕೂಪೆ ಚಂದ, ಅದರಲ್ಲಿ ಎರಡು ಮಾತಿಲ್ಲ. ನಂದಿಬೆಟ್ಟದ ಕೆಳಗೆ ಟೀ ಕುಡಿಯಲು ನಿಲ್ಲಿಸಿದರೆ ಬೈಕ್ ಹುಡುಗರು ಬೆಟ್ಟ ಬಿಟ್ಟು ಕಾರಿನ ಫೋಟೊ ತೆಗೆಯುತ್ತಿದ್ದರು. ನಾನೂ ಇಳಿದು ನಾಲ್ಕು ಹೆಜ್ಜೆ ನಡೆದ ಮೇಲೆ ಒಂದು ಸಲ ಹಿಂತಿರುಗಿ ನೋಡುತ್ತಿದ್ದೆ. ಡಬ್ಬಿಯನ್ನು ಹಾಗೆ ಒಂದು ದಿನವೂ ನೋಡಿಲ್ಲ.

ನನ್ನನ್ನು ಸೋಲಿಸಿದ್ದು ಬಾಗಿಲ ಹ್ಯಾಂಡಲ್.

ಕೂಪೆಯ ಹ್ಯಾಂಡಲ್‌ಗಳು ಬಾಗಿಲೊಳಗೇ ಅಡಗಿರುತ್ತವೆ. ಲಾಕ್ ತೆಗೆದರೆ ಒಳಗಿನ ಪುಟ್ಟ ಮೋಟರು ಹೊರಗೆ ತಳ್ಳುತ್ತದೆ, ಗಾಡಿ ಹೊರಟರೆ ಒಳಗೆ ಹೋಗುತ್ತವೆ. ಶೋರೂಮಿನಲ್ಲಿ ಇದನ್ನು ಮೂರು ಸಲ ಮಾಡಿಸಿ ನೋಡಿ ಖುಷಿಪಟ್ಟಿದ್ದೆ. ಆದರೆ ಶೋರೂಮಿನಲ್ಲಿ ಧೂಳಿಲ್ಲ. ನಮ್ಮ ರಸ್ತೆಯಲ್ಲಿ ದಿನವಿಡೀ ಜಲ್ಲಿ ಲಾರಿ ಓಡುತ್ತವೆ. ಆ ಹಿಟ್ಟಿನಂಥ ಧೂಳು ಹ್ಯಾಂಡಲ್ ಸುತ್ತಲ ಸಂದಿನಲ್ಲಿ ಕೂರುತ್ತದೆ. ತೊಳೆಯೋಣವೆಂದರೆ ಬೋರ್‌ವೆಲ್ ನೀರು, ಗಡಸು ನೀರು, ಒಣಗಿದ ಮೇಲೆ ಸುಣ್ಣದ ಹಾಗೆ ಬಿಳಿ ಗೆರೆ. ಧೂಳೂ ಸುಣ್ಣವೂ ಸೇರಿದರೆ ಗಾರೆ ತಾನೇ? ಆರನೇ ತಿಂಗಳಿಗೆ ಎಡಗಡೆ ಹಿಂದಿನ ಹ್ಯಾಂಡಲ್ ಅರ್ಧ ಬಂದು ನಿಲ್ಲತೊಡಗಿತು. ಸರ್ವಿಸಿನವರು "ಹೀಗೆ ನೀರು ಬಿಡಬಾರದು ಸಾರ್" ಅಂದರು. ಹಾಗಾದರೆ ಕಾರನ್ನು ಏನು ಹಾಕಿ ತೊಳೆಯಬೇಕೋ ಹೇಳಲಿಲ್ಲ. ಭಾನುವಾರ ಬೆಳಗ್ಗೆ ಹಳೇ ಹಲ್ಲುಜ್ಜುವ ಬ್ರಷ್ಷು, ಹಿಂಡಿದ ನಿಂಬೆಹೋಳು ಹಿಡಿದು ನಾಲ್ಕೂ ಬಾಗಿಲ ಸಂದು ಉಜ್ಜುವುದು ನನ್ನ ಪಾಲಿನ ಹೊಸ ಪೂಜೆಯಾಯಿತು. ಅಪ್ಪ ಜಗಲಿ ಮೇಲೆ ಕೂತು ನೋಡುತ್ತಿದ್ದರು. ಏನೂ ಅನ್ನುತ್ತಿರಲಿಲ್ಲ, ಅದೇ ಕಷ್ಟ.

ಬೆಳಗಿನ ಜಾವ ಎರಡೂ ಕೈಯಲ್ಲಿ ಮೂಟೆ ತಬ್ಬಿಕೊಂಡು ಅಮ್ಮ ಬಾಗಿಲ ಹತ್ತಿರ ನಿಂತು "ಎಲ್ಲೋ ಇದರ ಹಿಡಿ?" ಅನ್ನುತ್ತಿದ್ದಳು. ಉಗುರು ಹಾಕಿ ಎಳೆದು ಎಳೆದು ಆ ಬಾಗಿಲಿನ ಬಣ್ಣದ ಮೇಲೆ ಬೆಕ್ಕು ಪರಚಿದಂತೆ ಗೀರುಗಳಾದವು. ಮದುವೆ ಛತ್ರದ ಮುಂದೆ ದೊಡ್ಡಪ್ಪ, ದೊಡ್ಡಮ್ಮ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಸುಮ್ಮನೆ ನಿಂತದ್ದೂ ಉಂಟು.

ಕೊನೆಗೆ ಹನ್ನೆರಡು ದಿನ ಊರಲ್ಲಿರದೆ ವಾಪಸು ಬಂದರೆ ಕಾರು ಕಲ್ಲಾಗಿತ್ತು. ರಿಮೋಟ್ ಒತ್ತಿದರೆ ಉಸಿರಿಲ್ಲ. ದೊಡ್ಡ ಬ್ಯಾಟರಿಯಲ್ಲಿ ಮುಕ್ಕಾಲು ಚಾರ್ಜ್ ಬಿಟ್ಟು ಹೋಗಿದ್ದೆ. ಆಮೇಲೆ ಗೊತ್ತಾಯಿತು, ಇವಿಯಲ್ಲೂ, ಅಂದರೆ ಎಲೆಕ್ಟ್ರಿಕ್ ಕಾರಿನಲ್ಲೂ, ಪೆಟ್ರೋಲ್ ಕಾರಿನಂತೆ ಬೇರೆಯೇ ಒಂದು 12 ವೋಲ್ಟ್ ಬ್ಯಾಟರಿ ಇರುತ್ತದೆ. ಲಾಕು, ಲೈಟು, ದೊಡ್ಡ ಬ್ಯಾಟರಿಯನ್ನು ಎಬ್ಬಿಸುವ ಸ್ವಿಚ್ಚು ಎಲ್ಲಾ ಅದರ ಕೈಯಲ್ಲಿ. ಅದು ಮಲಗಿದರೆ ಕಣಜದಲ್ಲಿ ರಾಗಿ ಇದ್ದೂ ಬೀಗದ ಕೈ ಕಳೆದ ಹಾಗೆ. ಡ್ರೈವರ್ ಬಾಗಿಲಿಗೆ ಕೀ ತೂತು ಇದೆ, ಆದರೆ ಅದಿರುವುದು ಹ್ಯಾಂಡಲ್ ಹಿಂದೆ! ಗಾರೆ ಕಟ್ಟಿದ ಹ್ಯಾಂಡಲನ್ನು ಹೆಬ್ಬೆರಳಲ್ಲಿ ಒತ್ತಿ, ರಿಮೋಟಿನೊಳಗಿನ ಕಡ್ಡಿಯಂಥ ಕೀಲಿ ತುರುಕಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಇಪ್ಪತ್ತು ನಿಮಿಷ. ಪಕ್ಕದ ಮನೆಯವರ ಟ್ರ್ಯಾಕ್ಟರ್ ಬ್ಯಾಟರಿಯಿಂದ ವೈರ್ ಎಳೆದು ಎಬ್ಬಿಸಿದೆವು. ಟ್ರ್ಯಾಕ್ಟರ್ ಮಾಲೀಕರ ನಗು ಈಗಲೂ ಕಣ್ಣಮುಂದಿದೆ.

2012ರಲ್ಲಿ ಟೆಸ್ಲಾ ಮಾಡೆಲ್ ಎಸ್ ಬಂದ ಮೇಲೆ ಈ ಅಡಗುವ ಹ್ಯಾಂಡಲ್ ಗೀಳು ಹಬ್ಬಿತು. ಅಪಘಾತದಲ್ಲಿ ಕರೆಂಟ್ ಹೋದರೆ ಹೊರಗಿನವರು ಬಾಗಿಲು ತೆಗೆಯುವುದು ಹೇಗೆ ಎಂಬ ಪ್ರಶ್ನೆ ಎದ್ದು, ಚೀನಾದಲ್ಲಿ 2027ರ ಜನವರಿಯಿಂದ ಹೊಸ ಮಾದರಿಗಳ ಬಾಗಿಲು ಕರೆಂಟಿಲ್ಲದೆಯೂ ಒಳಗಿನಿಂದ, ಹೊರಗಿನಿಂದ ತೆರೆಯಲೇಬೇಕೆಂದು ನಿಯಮ ಮಾಡಿದ್ದಾರೆ. ನನ್ನ ಟ್ರ್ಯಾಕ್ಟರ್ ಪ್ರಸಂಗ ಅದರ ಮುಂದೆ ಬರೀ ತಮಾಷೆ.

ಡಬ್ಬಿಗೆ ಮಾಮೂಲಿ ಹ್ಯಾಂಡಲ್. ಕಿರುಬೆರಳಲ್ಲಿ ಎಳೆದರೂ ಬಾಗಿಲು ತೆರೆಯುತ್ತದೆ.

ಕೂಪೆ ಪರವಾಗಿ ಎಲ್ಲರೂ ಹೇಳುವುದು ಗಾಳಿಯ ಮಾತು. ಸುಳ್ಳಲ್ಲ, ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಹೈವೇಯಲ್ಲಿ ಇವಿಯ ಚಾರ್ಜ್ ತಿನ್ನುವುದೇ ಅದು. ದಿನಾ ಆಫೀಸಿಗೆ ಹೋಗುವ ಬಳ್ಳಾರಿ ರಸ್ತೆಯಲ್ಲಿ, ಎಂಬತ್ತರ ಆಸುಪಾಸಿನ ವೇಗದಲ್ಲಿ ನನಗೆ ಕೂಪೆ ಯೂನಿಟ್ಟಿಗೆ 7.1 ಕಿಲೋಮೀಟರ್ ಕೊಟ್ಟಿತು, ಡಬ್ಬಿ 6.6. ದಿನದ ಓಡಾಟಕ್ಕೆ ಒಂದು ಯೂನಿಟ್ ಉಳಿತಾಯ. ಮನೆ ಕರೆಂಟಿನ ಲೆಕ್ಕದಲ್ಲಿ ಸುಮಾರು ಆರು ರೂಪಾಯಿ, ಅರ್ಧ ಟೀ. ದಿನಾ ಹುಬ್ಬಳ್ಳಿ ಕಡೆ ಓಡುವವರಿಗೆ ಈ ಲೆಕ್ಕ ಬೇರೆಯಾದೀತು.

ಹಿಂದಿನ ಸೀಟಿನ ಬಗ್ಗೆಯೂ ಹೇಳಬೇಕು. ಇವಿಯಲ್ಲಿ ಬ್ಯಾಟರಿ ಕಾಲಡಿ ಇರುವುದರಿಂದ ನೆಲ ಎತ್ತರ, ಮಂಡಿ ಮೇಲಕ್ಕೇಳುತ್ತದೆ. ಕೂಪೆಯಲ್ಲಿ ಮೇಲಿನಿಂದ ಚಾವಣಿಯೂ ಇಳಿದು ಬರುತ್ತದೆ. ಅಪ್ಪ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ತೊಡೆ ಮೇಲಿಟ್ಟುಕೊಂಡೇ ಹತ್ತಬೇಕಿತ್ತು. ಡಬ್ಬಿಯಲ್ಲಿ ಟವೆಲ್ ತಲೆಯಲ್ಲೇ ಇರುತ್ತದೆ.

ಡಿಕ್ಕಿ: ಲೀಟರ್ ಲೆಕ್ಕದಲ್ಲಿ ಕೂಪೆಯದೇ ದೊಡ್ಡದು. ಆದರೆ ಹಿಂದಿನ ಗಾಜು ಇಳಿಜಾರು, ಎರಡನೇ ಮೂಟೆ ಇಟ್ಟು ಬಾಗಿಲು ಹಾಕಿದರೆ ಮೇಲಿನ ಹೂವೆಲ್ಲ ಚಪ್ಪಟೆ. ಸೇವಂತಿಗೆಗೆ ತೂಕವಿಲ್ಲ, ಗಾತ್ರವಿದೆ. ಬೇಕಾದ್ದು ಎತ್ತರ.

ಟೈರು: ಕೂಪೆಯದು ದೊಡ್ಡ ಚಕ್ರ, ತೆಳ್ಳನೆ ರಬ್ಬರು. ಒಂದೇ ಗುಂಡಿಗೆ ಪಕ್ಕ ಸೀಳಿತು.

ಡಬ್ಬಿಯೂ ದೇವರೇನಲ್ಲ. ಹೈವೇ ಸೇತುವೆ ಮೇಲೆ ಪಕ್ಕದ ಗಾಳಿ ಬೀಸಿದರೆ ಸ್ಟೇರಿಂಗ್ ಬಿಗಿಯಾಗಿ ಹಿಡಿಯಬೇಕು. ಇವಿಗೆ ಮುಂದೆ ದೊಡ್ಡ ಜಾಲರಿ ಬೇಕಿಲ್ಲ, ಮುಚ್ಚಬಹುದು, ಸರಿ. ಆದರೆ ಇವರು ಮುಚ್ಚಿರುವ ರೀತಿ ನೋಡಿದರೆ ಭಾನುವಾರದ ಅಂಗಡಿ ಷಟರ್ ಇದ್ದ ಹಾಗಿದೆ. ಹೆಂಡತಿಗೆ ಇವತ್ತಿಗೂ ಇಷ್ಟವಿಲ್ಲ.

ಭಾವಮೈದ ಕೂಪೆಯಲ್ಲಿ ಸುಖವಾಗಿದ್ದಾನೆ. ಯಲಹಂಕದಲ್ಲಿ ಫ್ಲಾಟು, ಬೇಸ್‌ಮೆಂಟ್ ಪಾರ್ಕಿಂಗು, ಮದುವೆಯಾಗಿಲ್ಲ, ಹೂವು ಕೊಳ್ಳುವವನೇ ಹೊರತು ಸಾಗಿಸುವವನಲ್ಲ. ನನಗೆ ಉಳಿದ ಎರಡು ಲಕ್ಷದಲ್ಲಿ ಅರ್ಧ ಆ ಕೂಪೆ ಮಾರಿದ ನಷ್ಟಕ್ಕೇ ಹೋಯಿತು, ಇನ್ನರ್ಧದಲ್ಲಿ ಮನೆಗೆ ಚಾರ್ಜರ್ ಪಾಯಿಂಟು, ತೋಟಕ್ಕೆ ಡ್ರಿಪ್ ಪೈಪು. ನೀವು ಕೂಪೆ ನೋಡಲು ಹೋಗುವುದಾದರೆ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಅವರ ಎರಡೂ ಕೈಗೆ ಒಂದೊಂದು ಚೀಲ ಕೊಟ್ಟು, ಹಿಂದಿನ ಬಾಗಿಲು ತೆಗೆಯಲು ಹೇಳಿ. ಸೇಲ್ಸ್ ಹುಡುಗ ಓಡಿ ಬಂದು ತೆಗೆಯಲು ಬಿಡಬೇಡಿ.