ಮೂರು ವರ್ಷದ ಕ್ಯಾಲಿಬ್ರೇಟರ್, ಒಂದು ರಬ್ಬರ್ ರಿಂಗ್

ತುಮಕೂರಿನಲ್ಲಿ ನಮ್ಮದು ಸಣ್ಣ ಸೌಂಡ್ ಸಿಸ್ಟಂ ಅಂಗಡಿ. ಮದುವೆ, ನಾಟಕ, ಜಾತ್ರೆ, ಯಾವುದಕ್ಕೆ ಕರೆದರೂ ಹೋಗುತ್ತೇವೆ. ಸದ್ದು ಎಷ್ಟಿದೆ ಅಂತ ಅಳೆಯುವ ಮೈಕ್ ಮೊದಲೇ ಇತ್ತು. ಮೂರು ವರ್ಷದ ಹಿಂದೆ 14,000 ರೂಪಾಯಿ ಕೊಟ್ಟು, ಆ ಮೈಕ್ ಸರಿಯಾಗಿ ಅಳೆಯುತ್ತಿದೆಯಾ ಅಂತ ನೋಡುವ ಈ ಕ್ಯಾಲಿಬ್ರೇಟರ್ ತಂದೆ. "ಆ ದುಡ್ಡಿಗೆ ಒಳ್ಳೆ ಹಾರ್ನ್ ಬರ್ತಿತ್ತಲ್ಲೋ" ಅಂತ ಅಪ್ಪ ಇವತ್ತಿಗೂ ಅನ್ನುತ್ತಾರೆ.

ಮೈಕಿನ ಮೂತಿಯನ್ನು ಇದರೊಳಗೆ ತೂರಿಸಿ ಗುಂಡಿ ಒತ್ತಿದರೆ 1,000 ಹರ್ಟ್ಜ್‌ನ ಒಂದೇ ಸ್ವರ, 94 ಡೆಸಿಬಲ್. ಲ್ಯಾಪ್‌ಟಾಪ್‌ನಲ್ಲೂ 94 ಬರಬೇಕು. ಮೈಕಿನ ಸೀರಿಯಲ್ ನಂಬರ್ ಕೊಟ್ಟರೆ ಅದರ ಅಳತೆ ಸರಿಪಡಿಸುವ ಫೈಲ್ ಕಂಪನಿಯಿಂದಲೇ ಸಿಗುತ್ತಲ್ಲ, ಸಾಕಲ್ವಾ ಅಂತ ಕೇಳುತ್ತಾರೆ. ಆ ಫೈಲ್ ಹೇಳುವುದು ಕಂಪನಿಯಿಂದ ಹೊರಟ ದಿನದ ಕಥೆ. ಮೈಕ್ ಎರಡು ಸಲ ಸ್ಟ್ಯಾಂಡಿನಿಂದ ಬಿದ್ದ ಮೇಲೆ ಇವತ್ತು ಹೇಗಿದೆ ಅಂತ ನೋಡಬೇಕಾದರೆ ಇದೇ ಬೇಕು, ಅದೂ ಒಂದೇ ಸ್ವರದಲ್ಲಿ ಮಾತ್ರ.

ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ನನ್ನದೊಂದು ಪೂಜೆ ಇದೆ. ಎರಡನ್ನೂ ಪೆಟ್ಟಿಗೆಯಿಂದ ತೆಗೆದು, ವ್ಯಾನಿನ ಬಿಸಿ ಆರಲಿ ಅಂತ ಟೀ ಕುಡಿಯುವಷ್ಟು ಹೊತ್ತು ಹೊರಗಿಡುತ್ತೇನೆ. ಆಮೇಲೆ ತೊಡೆ ಮೇಲೆ ಟವೆಲ್ ಹಾಸಿಕೊಂಡು, ಮೈಕನ್ನು ನಿಧಾನಕ್ಕೆ ತಿರುಗಿಸುತ್ತಾ ಒಳಗೆ ಬಿಡುತ್ತೇನೆ. ಜೋರಾಗಿ ತಳ್ಳಿದರೆ ಒಳಗಿನ ಗಾಳಿ ಒತ್ತಿ ಮೈಕಿನ ಪೊರೆಗೇ ಪೆಟ್ಟು. ಪರದೆ ಮೇಲೆ 94.0 ನಿಂತಿತು ಅಂದರೆ ಅವತ್ತಿನ ಅರ್ಧ ಕೆಲಸ ಮುಗಿದ ಹಾಗೆ.

ಎರಡನೇ ಬೇಸಿಗೆಯಲ್ಲಿ 91 ತೋರಿಸತೊಡಗಿತು. ಮೈಕಿಗೆ ವಯಸ್ಸಾಯಿತು ಅಂದುಕೊಂಡು ಲ್ಯಾಪ್‌ಟಾಪ್‌ನ ಲೆಕ್ಕಕ್ಕೆ 3 ಡೆಸಿಬಲ್ ಕೂಡಿಸಿದೆ. ಎಡವಟ್ಟಾಗಿದ್ದೇ ಅಲ್ಲಿ. ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ಪೌರಾಣಿಕ ನಾಟಕ. ನಿಜಕ್ಕೂ ಇದ್ದದ್ದು 85, ಪರದೆಯಲ್ಲಿ 88. ಜಾಸ್ತಿ ಆಯಿತು ಅಂತ ಇಳಿಸಿದೆ. ಹಿಂದಿನ ಸಾಲಿನಿಂದ ಅಜ್ಜ ಒಬ್ಬರು ಎದ್ದು ಬಂದರು. "ಏನಪ್ಪಾ, ದುರ್ಯೋಧನಂಗೆ ಗಂಟ್ಲು ಕಟ್ಟೈತಾ?"

ಮೈಕನ್ನು ಬೆಂಗಳೂರಿಗೆ ಕಳಿಸಿದೆ. ಏನೂ ಆಗಿಲ್ಲ ಅಂತ ವಾಪಸ್ ಬಂತು. ಕೊನೆಗೊಂದು ದಿನ ಟಾರ್ಚ್ ಬಿಟ್ಟು ನೋಡಿದರೆ, ಕ್ಯಾಲಿಬ್ರೇಟರಿನಲ್ಲಿ ಮೈಕ್ ಕೂರುವ ಅಡಾಪ್ಟರ್ ಒಳಗಿನ ರಬ್ಬರ್ ರಿಂಗ್ ಒಣಗಿ ಕೂದಲೆಳೆಯಷ್ಟು ಸೀಳಿತ್ತು. ಮೈಕ್ ಬಿಗಿಯಾಗಿ ಕೂರದೆ ಸದ್ದು ಅಲ್ಲಿಂದ ಸೋರುತ್ತಿತ್ತು. ತಿಂಗಳುಗಟ್ಟಲೆ ಪಾಪದ ಮೈಕನ್ನು ಬೈದಿದ್ದೆ! ಮಾರಿದವರನ್ನು ಕೇಳಿದರೆ ರಿಂಗ್ ಬಿಡಿಯಾಗಿ ಬರಲ್ಲ, ಅಡಾಪ್ಟರೇ ತಗೊಳ್ಳಿ, 2,200 ರೂಪಾಯಿ ಅಂದರು. ಫೋನ್ ಇಟ್ಟೆ.

ಬಿ.ಎಚ್. ರಸ್ತೆಯ ಗ್ಯಾರೇಜಿಗೆ ಹೋಗಿ ಹಳೇ ರಿಂಗ್ ತೋರಿಸಿದೆ. "ಯಾವ ಗಾಡೀದಣ್ಣ ಇದು?" ಅಂದ ಹುಡುಗ. ಡಬ್ಬಿ ಕೆದಕಿ ಅದೇ ಅಳತೆಯದು ತೆಗೆದುಕೊಟ್ಟ. 15 ರೂಪಾಯಿ. ಹಾಕಿದೆ, 94.0. ನಂಬಿಕೆ ಸಾಲದೆ ಗೆಳೆಯನ ಕ್ಯಾಲಿಬ್ರೇಟರ್ ತಂದು ತಾಳೆ ನೋಡಿದೆ. ವ್ಯತ್ಯಾಸ 0.1 ಅಷ್ಟೇ.

ಅವತ್ತಿನಿಂದ ಕೋಪ ಇಳಿದಿದೆ. ಮನೆ ಸ್ಪೀಕರಿನ ಸದ್ದು ಹೊಂದಿಸಿಕೊಳ್ಳುವವರು ಸುಮ್ನೆ ಇದಕ್ಕೆ ದುಡ್ಡು ಹಾಕಬೇಡಿ, ಮೈಕಿನ ಫೈಲ್ ಸಾಕು. ಮನೆಗಳಿರುವ ಕಡೆ ಹಗಲಿಗೆ 55 ಡೆಸಿಬಲ್ ಅನ್ನುವ ನಿಯಮದ ಮುಂದೆ ಲೆಕ್ಕ ಒಪ್ಪಿಸಬೇಕಾದ ನಮ್ಮಂಥವರಿಗೆ ಮಾತ್ರ ಬೇಕೇ ಬೇಕು. ಪೆಟ್ಟಿಗೆಯಲ್ಲಿ ಈಗ ಎರಡು ಸ್ಪೇರ್ ರಿಂಗ್ ಇವೆ. ಆ 15 ರೂಪಾಯಿ ವಿಷಯ ಅಪ್ಪನಿಗೆ ಇನ್ನೂ ಹೇಳಿಲ್ಲ.