ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಫೈಬರ್ ಬಾನೆಟ್: ಕಲಬುರಗಿ ಬಿಸಿಲಲ್ಲಿ ಬಳಸಿದ ಮೇಲೆ

ಅಂಕ: 5ಕ್ಕೆ 3.5. ತುಕ್ಕಿನ ಲೆಕ್ಕದಲ್ಲಿ ಫೈಬರ್ (ಗಾಜಿನ ನಾರಿಗೆ ರೆಸಿನ್ ಎಂಬ ಅಂಟು ಕುಡಿಸಿ ಮಾಡಿದ್ದು) ಗೆದ್ದಿದೆ, ಬಿಸಿಲಿನ ಲೆಕ್ಕದಲ್ಲಿ ಸೋತಿದೆ. ಕಲಬುರಗಿಯಲ್ಲಿ ಕಾರು ಇಟ್ಟುಕೊಂಡವರು ಈ ಎರಡನೆಯದನ್ನೇ ಮೊದಲು ಯೋಚಿಸಬೇಕು.

1961ರಿಂದ ಮದ್ರಾಸಿನಲ್ಲಿ ತಯಾರಾದ ಹೆರಾಲ್ಡ್ ಕಾರಿನ ಮೂತಿ ಉಳಿದ ಕಾರುಗಳ ಹಾಗಲ್ಲ. ಬಾನೆಟ್, ಎರಡೂ ಮಡ್‌ಗಾರ್ಡ್, ಹೆಡ್‌ಲೈಟ್ ಗೂಡು ಎಲ್ಲ ಸೇರಿ ಒಂದೇ ಜೋಡಣೆ, ಮುಂದಕ್ಕೆ ಮಗುಚಿಕೊಳ್ಳುತ್ತದೆ. ಹೆರಾಲ್ಡ್‌ನ ಚಾಸಿಯನ್ನು (ಕಾರಿನ ಅಡಿಯ ಚೌಕಟ್ಟು) ಗಿಡ್ಡ ಮಾಡಿ ಕಟ್ಟಿದ ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿಗೂ ಇದೇ ಏರ್ಪಾಡು. ಎರಡನ್ನೂ ವಿನ್ಯಾಸ ಮಾಡಿದವರು ಇಟಲಿಯ ಮಿಕೆಲೊಟ್ಟಿ. ಒಂದು ಮೂಲೆಗೆ ಪೆಟ್ಟು ಬಿದ್ದರೂ ಇಡೀ ಮೂತಿಯ ಗ್ಯಾಪ್ (ಪಕ್ಕದ ಭಾಗಗಳ ನಡುವಿನ ಸಂದು) ಕೆಡುವುದು ಮೂತಿ ಹೀಗೆ ಒಂದೇ ಜೋಡಣೆ ಆಗಿರುವುದಕ್ಕೇ.

ಹಳೆಯ ತಗಡು ಪೂರ್ತಿ ಕೊಳೆತಿಲ್ಲ ಎಂದಾದರೆ ಫೈಬರ್ ತರಿಸಬೇಡಿ. ಮ್ಯಾಗ್ನೆಟ್ ಹಿಡಿದು ನೋಡಿ. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ಪುಟ್ಟಿ ದಪ್ಪಗಿದೆ. ನಮ್ಮ ಒಣ ಹವೆಯಲ್ಲಿ ಬಾನೆಟ್ ಮೇಲ್ಭಾಗ ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಕೊಳೆಯುವುದು ಚಕ್ರದ ಕಮಾನಿನ ಒಳಮಡಿಕೆ. ಮಳೆಗಾಲದಲ್ಲಿ ಎರೆಮಣ್ಣು ಅಲ್ಲಿ ಮೆತ್ತಿಕೊಂಡು ವಾರಗಟ್ಟಲೆ ಹಸಿ ಹಿಡಿದಿಡುತ್ತದೆ. ಅಷ್ಟೇ ಆಗಿದ್ದರೆ ಒಳ್ಳೆಯ ಟಿಂಕರ್ ಕೈಯಲ್ಲಿ 20 ಗೇಜ್ ತಗಡಿನ ತುಂಡು ಬೆಸುಗೆ ಹಾಕಿಸಿ ಮುಗಿಸಬಹುದು.

ಫೈಬರೇ ಬೇಕಾದರೆ ಆರ್ಡರ್ ಕೊಡುವ ಮೊದಲು ರೆಸಿನ್ ಯಾವುದು ಎಂದು ಕೇಳಿ. ಜಿಪಿ (ಸಾಮಾನ್ಯ ಬಳಕೆಯ) ರೆಸಿನ್ ಅಗ್ಗ, ಆದರೆ 65–75 ಡಿಗ್ರಿಯ ಸುತ್ತ ಮೆತ್ತಗಾಗಲು ಶುರು. ಮೇ ತಿಂಗಳಲ್ಲಿ ನೆರಳಲ್ಲೇ 42 ದಾಟುವ ಊರಿನಲ್ಲಿ, ಬಯಲಲ್ಲಿ ನಿಲ್ಲಿಸಿದ ಕಪ್ಪು ಬಾನೆಟ್‌ನ ಮೈ ಆ ಮಟ್ಟ ಮುಟ್ಟುತ್ತದೆ. ಐಸೋ ಎಂಬ ಇನ್ನೊಂದು ಬಗೆಯ ರೆಸಿನ್ ಇನ್ನೂ ಹೆಚ್ಚಿನ ಕಾವು ತಡೆಯುತ್ತದೆ. ದುಡ್ಡು ಜಾಸ್ತಿಯಾದರೂ ಅದನ್ನೇ ಮಾಡಿಸಿ. ಬಣ್ಣ ಬಿಳಿ, ಕೆನೆ ಅಥವಾ ತಿಳಿ ನೀಲಿ ಇರಲಿ. ಕಡುಗೆಂಪು, ಕಪ್ಪು ಹೊಡೆಸಿದರೆ ಒಂದೆರಡು ಬೇಸಿಗೆಯಲ್ಲೇ ಒಳಗಿನ ಮ್ಯಾಟ್‌ನ (ಗಾಜಿನ ನಾರಿನ ಹಾಸು) ಎಳೆಗಳು ಪೇಂಟ್ ಮೇಲೆ ಮೂಡಿ ಕಾಣುತ್ತವೆ. ಮರಳಿ ತೀಡಿ ಪೇಂಟ್ ಹೊಡೆಸಿದರೂ ಅದು ಮತ್ತೆ ಬರುತ್ತದೆ.

ಎರಡನೆಯದು ಒಳಗಿನ ಫ್ರೇಮ್. ಬರೀ ಚಿಪ್ಪು ಕೊಡುವವರು ಬಹಳ. ಹಿಂಜ್ ಕೂರುವ ಕಡೆ, ಬಾನೆಟ್ ಬಿಗಿಹಿಡಿಯುವ ಪಕ್ಕದ ಕೊಂಡಿ ಕೂರುವ ಕಡೆ ಕಬ್ಬಿಣದ ಪಟ್ಟಿ ಒಳಗೇ ಹುದುಗಿಸಿ ಮೇಲೆ ಮ್ಯಾಟ್ ಹಾಕಿರಬೇಕು. ಇಲ್ಲದಿದ್ದರೆ ಬೋಲ್ಟ್ ಸುತ್ತ ನಕ್ಷತ್ರದಂತೆ ಬಿರುಕು ಏಳುತ್ತದೆ, ಕೊಂಡಿ ಸಡಿಲಾಗಿ ಓಟದಲ್ಲಿ ಬಾನೆಟ್ ನಡುಗುತ್ತದೆ. ಶಹಾಬಾದ್, ಸೇಡಂ ಕಡೆ ಕಲ್ಲು-ಸಿಮೆಂಟ್ ಲಾರಿಗಳು ಕೆಡಿಸಿದ ರಸ್ತೆಯಲ್ಲಿ ಇದು ಬೇಗ ಗೊತ್ತಾಗುತ್ತದೆ. ಚಿಪ್ಪಿನ ದಪ್ಪ 3 ಮಿ.ಮೀ. ಇದ್ದರೆ ಸಾಕು, ಅಂಚುಗಳಲ್ಲಿ 5 ಇರಲಿ.

ಕೂರಿಸುವಾಗ ಮೊದಲು ಬಾಗಿಲುಗಳ ಗ್ಯಾಪ್ ಸರಿ ಮಾಡಿಕೊಳ್ಳಿ. ಹೆರಾಲ್ಡ್‌ನ ಬಾಡಿ ಪ್ರತ್ಯೇಕ ಚಾಸಿಯ ಮೇಲೆ ಕೂತಿರುವುದರಿಂದ ಬಾಡಿ ಮೌಂಟ್ (ಬಾಡಿಯನ್ನು ಚಾಸಿಗೆ ಕೂರಿಸುವ ಜಾಗದ ಆಧಾರ) ಕುಸಿದಿದ್ದರೆ ಬಾನೆಟ್ ಎಷ್ಟು ಎಳೆದರೂ ಹೊಂದುವುದಿಲ್ಲ. ಕಾರು ಸಮತಟ್ಟಾದ ನೆಲದ ಮೇಲೆ, ಚಕ್ರಗಳ ಮೇಲೇ ನಿಂತಿರಲಿ. ಜ್ಯಾಕ್ ಮೇಲೆ ಅಳತೆ ಮಾಡಿದರೆ ತಪ್ಪಾಗುತ್ತದೆ. ಹಿಂಜ್‌ನ ಉದ್ದ ತೂತುಗಳಲ್ಲಿ ಹಿಂದೆ-ಮುಂದೆ ಸರಿಸಿ, ನಂತರ ಬಾನೆಟ್ ಒರಗುವ ರಬ್ಬರ್ ಕೋನ್‌ಗಳ ಎತ್ತರ, ಕಟ್ಟಕಡೆಗೆ ಕೊಂಡಿ. ಗ್ಯಾಪ್ 5 ಮಿ.ಮೀ. ಬಿಡಿ, ಇನ್ನೂ ಸಣ್ಣದು ಮಾಡಲು ಹೋಗಬೇಡಿ. ಇದೆಲ್ಲ ಪೇಂಟ್‌ಗೆ ಮೊದಲೇ ಆಗಬೇಕು.

ವೈರಿಂಗ್‌ನಲ್ಲಿ ಬಹಳ ಜನ ಸಿಕ್ಕಿಬೀಳುತ್ತಾರೆ. ತಗಡಿನ ಬಾನೆಟ್‌ನಲ್ಲಿ ಲೈಟ್‌ಗಳಿಗೆ ಬಾಡಿಯೇ ಅರ್ಥಿಂಗ್ (ಕರೆಂಟ್ ಮರಳುವ ದಾರಿ). ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ಹೆಡ್‌ಲೈಟ್ ಮಂಕಾಗಿ, ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟ್ ಮಿಣುಕಿದರೆ ಕಾರಣ ಇದೇ. ಪ್ರತಿ ಹೆಡ್‌ಲೈಟ್, ಪ್ರತಿ ಇಂಡಿಕೇಟರ್‌ನಿಂದ 1.5 ಚದರ ಮಿ.ಮೀ. ಕಪ್ಪು ವೈರ್ ಎಳೆದು ಚಾಸಿಯಲ್ಲಿ ಪೇಂಟ್ ಕೆರೆದ ಜಾಗಕ್ಕೆ ಬೋಲ್ಟ್ ಮಾಡಿ. ಹಿಂಜ್ ಹತ್ತಿರ ವೈರ್ ಸ್ವಲ್ಪ ಸಡಿಲ ಬಿಡಿ, ಬಾನೆಟ್ ಮಗುಚಿದಾಗ ಎಳೆಯಬಾರದು.

ಪೇಂಟ್‌ಗೆ ಮೊದಲು, ಅಚ್ಚಿನಿಂದ ಬಿಡಿಸಲು ಹಚ್ಚಿದ ಮೇಣ ಪೂರ್ತಿ ಹೋಗಬೇಕು. ಮೇಣ ಉಳಿದರೆ ಪೇಂಟ್ ಮೇಲೆ ಮೀನಿನ ಕಣ್ಣಿನಂಥ ಗುಳಿ ಬೀಳುತ್ತವೆ. ಮೊದಲು ಮೇಣ ತೆಗೆಯುವ ದ್ರಾವಣದಿಂದ ಒರೆಸಿ, ಆಮೇಲೆ 320 ನಂಬರ್ ಉಜ್ಜುಕಾಗದ, ಎಪಾಕ್ಸಿ ಪ್ರೈಮರ್. ಕಾಗದ ಮೊದಲು ಉಜ್ಜಿದರೆ ಮೇಣ ಇನ್ನೂ ಆಳಕ್ಕೆ ಇಳಿಯುತ್ತದೆ.

ಬಿರುಕು ಬಿಟ್ಟರೆ ಪುಟ್ಟಿ ತುಂಬಬೇಡಿ. ಅದನ್ನು ವಿ ಆಕಾರಕ್ಕೆ ಕೊರೆದು, ಒಳಗಡೆಯಿಂದ 450 ಗ್ರಾಂ ಮ್ಯಾಟ್‌ನ (ಚದರ ಮೀಟರಿಗೆ ಅಷ್ಟು ತೂಗುವುದು) ಎರಡು ಪದರ ಹಾಕಿ. 100 ಗ್ರಾಂ ರೆಸಿನ್‌ಗೆ 1 ಗ್ರಾಂ ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ನಮ್ಮ ಬೇಸಿಗೆಗೆ ಸಾಕು. 2 ಹಾಕಿದರೆ ಬ್ರಶ್ ಆಡಿಸುವ ಮೊದಲೇ ಗಟ್ಟಿ. ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕು ಮಾಡುವ ದ್ರವ) ಬೇರೆ ಬಾಟಲಿಯಲ್ಲಿ ಬಂದಿದ್ದರೆ ಅದನ್ನು ರೆಸಿನ್‌ನಲ್ಲಿ ಮೊದಲು ಕಲಸಿ, ಹಾರ್ಡನರ್ ಆಮೇಲೆ. ಕೋಬಾಲ್ಟ್, ಹಾರ್ಡನರ್ ಎರಡನ್ನೂ ನೇರವಾಗಿ ಬೆರೆಸಿದರೆ ಸಿಡಿಯಬಹುದು.